ವ್ಯಾಸ ಎಪ್ಪತ್ತು ಸೆಂಟಿಮೀಟರ್

ಶಿರ್ತಾಡಿ ಕಡೆಯ ಒಂದು ಹೈಸ್ಕೂಲಿನಲ್ಲಿ ಕುಶಾಲಪ್ಪ ಮಾಸ್ಟ್ರು ಕನ್ನಡ ಪಂಡಿತರು. ಅವರು ಷಟ್ಪದಿಯನ್ನು ರಾಗವಾಗಿ ಓದಿದರೆ ಪಕ್ಕದ ತರಗತಿಯ ಮಕ್ಕಳೂ ಸುಮ್ಮನಾಗುತ್ತಿದ್ದರು. 1996ರಲ್ಲಿ ಗಣಿತದ ಶಿಕ್ಷಕರು ವರ್ಗವಾಗಿ ಹೋದರು. ಆ ಜಾಗಕ್ಕೆ ಯಾರೂ ಬರಲಿಲ್ಲ. ಹೆಡ್ಮಾಸ್ಟ್ರು ಹತ್ತನೆಯ ತರಗತಿಯ ಗಣಿತ ಪುಸ್ತಕವನ್ನು ತಂದು ಇವರ ಮೇಜಿನ ಮೇಲಿಟ್ಟರು. "ಹೊಸಬರು ಬರುವವರೆಗೆ ಸುಧಾರಿಸಿ ಮಾಸ್ಟ್ರೇ." ತಾವೇ ಎಸ್ಸೆಸ್ಸೆಲ್ಸಿ ಗಣಿತವನ್ನು ಮೂರನೆಯ ಸಲಕ್ಕೆ ದಾಟಿದವರು ಎಂದು ಹೇಳಲು ಮಾಸ್ಟ್ರಿಗೆ ನಾಚಿಕೆಯಾಯಿತು.

ಗೈಡು ನೋಡಿಕೊಂಡೇ ವರ್ಷ ತಳ್ಳಿದರು. ಚಕ್ರದ ಲೆಕ್ಕ ಬಂದಾಗ, "ಚಕ್ರ ಅಂತ ಕಂಡ ಕೂಡಲೇ ಎರಡು ಪೈ ಆರ್ ಬರೆಯಿರಿ. ಕೊಟ್ಟ ಸಂಖ್ಯೆಯನ್ನು ಆರ್ ಇದ್ದಲ್ಲಿಗೆ ಹಾಕಿ" ಎಂದು ಉರು ಹೊಡೆಸಿದರು. ಗೈಡಿನ ಲೆಕ್ಕಗಳಲ್ಲೆಲ್ಲ ತ್ರಿಜ್ಯವನ್ನೇ ಕೊಟ್ಟಿದ್ದರಿಂದ ಉತ್ತರ ಸರಿಯಾಗಿಯೇ ಬರುತ್ತಿತ್ತು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ನಸೀಬಾ, ಅವರ ಕನ್ನಡ ತರಗತಿಯ ಅತ್ಯುತ್ತಮ ಹುಡುಗಿ, ಎಲ್ಲದರಲ್ಲಿ ಪಾಸಾಗಿ ಗಣಿತದಲ್ಲಿ ಮೂವತ್ತೊಂದಕ್ಕೆ ನಿಂತಿದ್ದಳು; ಪಾಸಿಗೆ ನಾಲ್ಕು ಕಡಿಮೆ. ಪ್ರಶ್ನೆಪತ್ರಿಕೆ ಹಿಡಿದುಕೊಂಡು ಶಾಲೆಗೆ ಬಂದಳು.

"ಈ ನಾಲ್ಕು ಮಾರ್ಕಿನ ಲೆಕ್ಕ ನೀವು ಹೇಳಿಕೊಟ್ಟ ಹಾಗೆಯೇ ಮಾಡಿದ್ದೇನೆ ಸರ್. ಎರಡೂವರೆ ಸಾವಿರ ಬಂತು. ಅದು ಸರಿ ಉಂಟಲ್ಲ?"

ಎಪ್ಪತ್ತು ಸೆಂಟಿಮೀಟರ್ ವ್ಯಾಸದ ಚಕ್ರ ಹನ್ನೊಂದು ಕಿಲೋಮೀಟರ್ ಸಾಗಲು ಎಷ್ಟು ಸುತ್ತು ತಿರುಗಬೇಕು? ಎರಡೂವರೆ ಸಾವಿರ ಸರಿಯೋ ತಪ್ಪೋ ಮಾಸ್ಟ್ರಿಗೇ ತಿಳಿಯಲಿಲ್ಲ. ಆ ಕಾಗದವನ್ನು ಮೂಡಬಿದಿರೆಗೆ ಒಯ್ದು ಕಾಲೇಜಿನಲ್ಲಿ ಗಣಿತ ಹೇಳುವ ಗೆಳೆಯ ದೇವಿಪ್ರಸಾದರಿಗೆ ತೋರಿಸಿದರು.

"ಐದು ಸಾವಿರ ಅಲ್ವಾ ಮಾರಾಯ್ರೆ? ಕೊಟ್ಟದ್ದು ವ್ಯಾಸ. ಅರ್ಧ ಮಾಡದೆ ಹಾಕಿದರೆ ಆದೀತಾ?"

ಮಾಸ್ಟ್ರು ಚಹಾ ಮುಟ್ಟದೆ ಎದ್ದುಬಂದರು. ಅವರ ತರಗತಿಯಲ್ಲಿ ಗಣಿತಕ್ಕೆ ಫೇಲಾದವರು ಹತ್ತೊಂಬತ್ತು ಮಂದಿ.

ನಸೀಬಾಳ ತಂದೆ ಮೂಸಾ ಸೈಕಲ್ಲಿನಲ್ಲಿ ಮೀನು ಮಾರುವವರು. ಮಾಸ್ಟ್ರು ಅವರ ಅಂಗಳದಲ್ಲಿ ನಿಂತು ಹೇಳಿಬಿಟ್ಟರು: "ತಪ್ಪು ಮಗಳದ್ದಲ್ಲ. ನನ್ನದು. ನಾನೇ ತಪ್ಪು ಕಲಿಸಿದ್ದೇನೆ."

ಬೈದಿದ್ದರೆ ಒಳ್ಳೆಯದಿತ್ತು. ಮೂಸಾ ಕುರ್ಚಿ ಒರೆಸಿ ಕೊಟ್ಟರು. "ನೀವು ಹಾಗೆಲ್ಲ ಹೇಳಬಾರದು ಮಾಸ್ಟ್ರೇ. ಅವಳ ಹಣೆಯಲ್ಲಿ ಬರೆದದ್ದು."

ಮತ್ತೆ ಕಟ್ಟಿದ ಅಕ್ಟೋಬರಿನ ಪರೀಕ್ಷೆಗೆ ಮಾಸ್ಟ್ರು ವಾರಕ್ಕೆ ಮೂರು ಸಂಜೆ ಅಲ್ಲಿಗೇ ಬಂದು ಪಾಠ ಹೇಳಿದರು. ಮೀನಿನ ಸೈಕಲ್ಲಿನ ಟಯರಿಗೆ ಸೀಮೆಸುಣ್ಣದ ಗೆರೆ ಎಳೆದು, ಒಂದು ಸುತ್ತು ಉರುಳಿಸಿ, ನೆಲವನ್ನು ಹಗ್ಗದಿಂದ ಅಳೆದರು. ವ್ಯಾಸದ ಮೂರು ಪಟ್ಟಿಗಿಂತ ತುಸು ಹೆಚ್ಚು. ಅಂದು ಮೊದಲ ಸಲ ಅವರಿಗೇ ಲೆಕ್ಕ ಅರ್ಥವಾಯಿತು. ಖುಷಿಯಿಂದ ತಲೆಯೆತ್ತಿ ನೋಡಿದರೆ ಹುಡುಗಿಯ ಮುಖ ಬಾಡಿತ್ತು.

"ಆಗ ಅದು ಸರಿ ಅಂದಿದ್ರಿ, ಈಗ ಇದು ಅಂತೀರಿ. ಪರೀಕ್ಷೆಯಲ್ಲಿ ಕೂತಾಗ ಯಾವುದು ಬರೆಯುವುದು ಅಂತ ಹೆದರಿಕೆ ಆಗ್ತದೆ ಸರ್. ಎಲ್ಲ ಲೆಕ್ಕವೂ ಹಾಗೇ ಕಾಣ್ತದೆ."

ಅಕ್ಟೋಬರಿನಲ್ಲಿ ಅವಳಿಗೆ ಸಿಕ್ಕಿದ್ದು ಇಪ್ಪತ್ತಾರು. ಮೂರನೆಯ ಸಲ ಕಟ್ಟಲು ಅವಳು ಒಪ್ಪಲಿಲ್ಲ. ತಾಯಿಯ ಜೊತೆ ಬೀಡಿ ಕಟ್ಟಲು ಕೂತಳು.

ಗಣಿತದಿಂದ ಬಿಡುಗಡೆ ಕೊಡಿ ಎಂದು ಮಾಸ್ಟ್ರು ಹೆಡ್ಮಾಸ್ಟ್ರಿಗೆ ಕೈಮುಗಿದರು. "ಕೊಡ್ತೇನೆ. ನಾಳೆ ಕ್ಲಾಸಿಗೆ ಯಾರನ್ನು ಕಳಿಸಲಿ, ನೀವೇ ಹೇಳಿ" ಎಂದರು ಅವರು. ಮಾಸ್ಟ್ರೇ ಹೋದರು. 2001ರಲ್ಲಿ ಗಣಿತದ ಟೀಚರು ಬರುವವರೆಗೂ ಹೋದರು.

ಆ ವರ್ಷವೇ ಒಂದು ಬೆಳಗ್ಗೆ ಮೂಡಬಿದಿರೆಯ ಬಸ್ಸಿನಲ್ಲಿ ನಸೀಬಾ ಸಿಕ್ಕಿದಳು. ಕಟ್ಟಿದ ಬೀಡಿ ಒಪ್ಪಿಸಲು ಕಂಪೆನಿಯ ಬ್ರಾಂಚಿಗೆ ಹೊರಟಿದ್ದವಳು, ತೊಡೆಯ ಮೇಲೆ ಬೀಡಿಯ ಚೀಲ. ಮಾಸ್ಟ್ರನ್ನು ಕಂಡದ್ದೇ ಎದ್ದು ನಿಂತಳು.

"ಕೂತುಕೊಳ್ಳಿ ಸರ್."

"ಬೇಡಮ್ಮ, ನೀನು ಕೂತುಕೋ."

"ಛೆ, ನೀವು ನನ್ನ ಸರ್ ಅಲ್ವಾ?"

ಹಿಂದಿನವರು ತಳ್ಳುತ್ತಿದ್ದರು. ಮಾಸ್ಟ್ರು ಕೂತರು. ಅವಳು ಚೀಲವನ್ನು ಎದೆಗೊತ್ತಿಕೊಂಡು ಮೂಡಬಿದಿರೆಯವರೆಗೂ ನಿಂತೇ ಇದ್ದಳು.