ಅಕ್ಕನ ಎದುರಿನಿಂದ ಎದ್ದು ಹೋದ ಗುರುವಾರ

ನಮ್ಮ ಕ್ರೈಸ್ತ ಸಭೆಯಲ್ಲಿ ಮಾತು ಬಿಟ್ಟ ಇಬ್ಬರು ವರ್ಷಕ್ಕೊಮ್ಮೆಯಾದರೂ ಎದುರುಬದುರು ಕೂರಬೇಕು. ಹಾಗಂತ ಯಾರೂ ಬರೆದಿಟ್ಟಿಲ್ಲ. ಶುಭ ಶುಕ್ರವಾರದ ಹಿಂದಿನ ದಿನ ಸಾಯಂಕಾಲ ನಾಲ್ಕಕ್ಕೆ, ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದದ್ದರ ನೆನಪಿಗೆ, ನಾವು ಒಬ್ಬರ ಕಾಲನ್ನೊಬ್ಬರು ತೊಳೆಯುತ್ತೇವೆ. ಗಂಡಸರು ಆ ಕಡೆ, ಹೆಂಗಸರು ಈ ಕಡೆ, ಎದುರೆದುರಿಗೆ ಎರಡೆರಡು ಬೆಂಚು. ಎದುರಿಗೆ ಯಾರು ಕೂತಿರುತ್ತಾರೋ ಅವರ ಕಾಲು ನಮ್ಮ ಪಾಲಿಗೆ. ಜಗಳವಾಡಿಕೊಂಡವರು ಬಂದರೆ ಉಳಿದವರು ಸದ್ದಿಲ್ಲದೆ ಸರಿದು ಎದುರುಬದುರಿನ ಎರಡು ಜಾಗ ಖಾಲಿ ಬಿಡುತ್ತಾರೆ. ಯಾರೂ ಬುದ್ಧಿ ಹೇಳುವುದಿಲ್ಲ. ವರ್ಷಗಟ್ಟಲೆ ಮುಖ ನೋಡದ ಓರಗಿತ್ತಿಯರು ಆ ಬೆಂಚಿನ ಮೇಲೆ ಒಂದಾದದ್ದನ್ನು ನಾನೇ ಕಂಡಿದ್ದೇನೆ.

ಹೋದ ವರ್ಷ ಆ ಎರಡು ಜಾಗ ನನಗೂ ನನ್ನ ಅಕ್ಕನಿಗೂ ಬಿಟ್ಟಿದ್ದರು. ನಾನು ಎದ್ದು ಹೋದೆ.

ನಾನು ಓದಿದ್ದು ಮೂರನೇ ಕ್ಲಾಸು. ಅವ್ವ ಕೂಲಿಗೆ ಹೋಗುತ್ತಿದ್ದಳು, ಮೇಕೆಗಳ ಹಿಂದೆ ಒಬ್ಬರು ಬೇಕಿತ್ತು, ನನ್ನನ್ನು ಬಿಡಿಸಿದರು. ಅಕ್ಕ ಏಳರ ತನಕ ಹೋದಳು. ನಾನು ಅಕ್ಷರ ಮರೆಯಬಾರದು ಅಂತ ದಿನಾ ಮೇಕೆ ಕಟ್ಟಿದ ಮೇಲೆ ಅವಳೇ ನನ್ನನ್ನು ಕೂರಿಸಿಕೊಂಡು, ಸತ್ಯವೇದದ, ಅಂದರೆ ಬೈಬಲ್ಲಿನ, ಸಾಲಿನ ಕೆಳಗೆ ಬೆರಳಿಟ್ಟು ಓದಿಸುತ್ತಿದ್ದಳು. ನಾನು ತಡವರಿಸಿದರೆ ಅವಳ ಬೆರಳು ಅಲ್ಲೇ ನಿಲ್ಲುತ್ತಿತ್ತು, ಮುಂದೆ ಓಡುತ್ತಿರಲಿಲ್ಲ. ಇವತ್ತಿಗೂ ನನಗೆ ಓದಲು ಬರುವ ಪುಸ್ತಕ ಅದೊಂದೇ. ಉಳಿದದ್ದರಲ್ಲಿ ಬಸ್ಸಿನ ಬೋರ್ಡು, ರೇಷನ್ ಚೀಟಿ, ಅಷ್ಟೇ.

ಅಕ್ಕನನ್ನು ಆದಿವಾಲಕ್ಕೆ ಕೊಟ್ಟರು, ನನ್ನನ್ನು ಬಬ್ಬೂರಿಗೆ. ಇಬ್ಬರೂ ಭಾನುವಾರ ಹಿರಿಯೂರಿನ ಪ್ರಾರ್ಥನೆ ಮನೆಗೇ ಬರುತ್ತಿದ್ದೆವು. ಒಂದು ಭಾನುವಾರ ಸತ್ಯವೇದ ಓದುವ ಸರದಿ ನನ್ನದು. ಅವತ್ತಿನ ಭಾಗದಲ್ಲಿ ಬರೀ ಹೆಸರುಗಳು, ಇಂಥವನ ಮಗ ಇಂಥವನು, ಅವನ ಮಗ ಇಂಥವನು. ಹಿಂದಿನ ದಿನವೇ ಮನೆಯಲ್ಲಿ ಮೂರು ಸಲ ಓದಿಕೊಂಡಿದ್ದೆ. ಆದರೂ ಜನರ ಮುಂದೆ ನಿಂತಾಗ ನಾಲಿಗೆ ಕಟ್ಟಿತು. ಒಂದೇ ಹೆಸರಿನ ಮೇಲೆ ಮೂರು ಸಲ ಎಡವಿದೆ. ಮುಂದಿನ ಸಾಲಿನಲ್ಲಿದ್ದ ಅಕ್ಕ ಎದ್ದು ಬಂದಳು.

"ಕೊಡೇ ಇಲ್ಲಿ. ನೀನು ಹಿಂಗೇ ಓದ್ತಾ ನಿಂತ್ರೆ ಎಲ್ರಿಗೂ ಬಸ್ಸು ತಪ್ತೈತೆ."

ಪುಸ್ತಕ ತೆಗೆದುಕೊಂಡು ಗಡಗಡ ಓದಿ ಮುಗಿಸಿದಳು. ಜನ ನಕ್ಕರು. ಕೆಟ್ಟ ನಗುವೇನಲ್ಲ, ಮನೆಯವರ ನಗು. ಅವಳಿಗೆ ಸಕ್ಕರೆ ಕಾಯಿಲೆ ಬಂದಾಗಿನಿಂದ ತಾಳ್ಮೆ ಕಡಿಮೆಯಾಗಿತ್ತು ಅನ್ನುವುದೂ ನನಗೆ ಗೊತ್ತಿತ್ತು. ಬೇರೆ ಯಾರಾದರೂ ಕಿತ್ತುಕೊಂಡಿದ್ದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮರೆತುಬಿಡುತ್ತಿದ್ದೆ. ಕೈ ಹಿಡಿದು ಓದಿಸಿದವಳೇ ಕಿತ್ತುಕೊಂಡಳಲ್ಲ ಅನ್ನುವುದು ಒಳಗೆ ಕೂತುಬಿಟ್ಟಿತು. ಅವತ್ತಿನಿಂದ ಮಾತು ಬಿಟ್ಟೆ. ಅವಳು ಯಾರದೋ ಕೈಯಲ್ಲಿ ಒಂದು ಚೀಲ ಅವರೆಕಾಯಿ ಕಳಿಸಿದಳು. ಬಿಚ್ಚದೆ ವಾಪಸ್ ಕಳಿಸಿದೆ. ಎಂಟು ತಿಂಗಳು. ಅದರ ನಡುವೆಯೇ ಪ್ರತಿ ಭಾನುವಾರ ಅದೇ ಪ್ರಾರ್ಥನೆ ಮನೆಯಲ್ಲಿ ಕೂತು, ಸಹೋದರರೇ ಸಹೋದರಿಯರೇ ಅಂದಾಗೆಲ್ಲ ಆಮೆನ್ ಅಂದಿದ್ದೇನೆ.

ಆ ಗುರುವಾರ ಬಬ್ಬೂರು ಫಾರಂನಲ್ಲಿ ಕಳೆ ಕೀಳುವ ಕೆಲಸ ಮುಗಿಸಿ ಹೋದೆ. ಬೆಂಚಿನಲ್ಲಿ ನನಗೊಂದು ಜಾಗ, ಎದುರಿಗೊಂದು ಜಾಗ. ನೋಡಿದ ಕೂಡಲೇ ಅರ್ಥವಾಯಿತು, ಆದರೂ ಕೂತೆ. ಅಕ್ಕ ಬಂದು ನನ್ನ ಎದುರಿಗೇ ಕೂತಳು. ಹವಾಯಿ ಚಪ್ಪಲಿ ಬಿಟ್ಟು, ಸೀರೆಯ ಅಂಚು ಎತ್ತಿ, ಎರಡೂ ಕಾಲು ಮುಂದೆ ಚಾಚಿದಳು. ತಲೆ ಎತ್ತಲಿಲ್ಲ. ಬೇಸಿನ್ ಒಬ್ಬರಿಂದ ಒಬ್ಬರಿಗೆ ಸರಿಯುತ್ತಾ ನಮ್ಮ ಹತ್ತಿರ ಬಂತು.

ನಾನು ಎದ್ದೆ.

"ನೀರು ಸಾಲಲ್ಲ, ತರ್ತೀನಿ" ಅಂದೆ. ಹಿಂದೆ ನಿಂತಿದ್ದ ಅಜ್ಜಿಯೊಬ್ಬಳ ತೋಳು ಹಿಡಿದು, "ನೀನು ಕುಂತ್ಕಾ ಅಜ್ಜಿ" ಅಂತ ನನ್ನ ಜಾಗದಲ್ಲಿ ಕೂರಿಸಿದೆ. ಅಜ್ಜಿಗೆ ಎರಡೂ ಕಣ್ಣಿಗೆ ಪೊರೆ. ತಡವಿಕೊಂಡೇ ಅಕ್ಕನ ಕಾಲು ಹಿಡಿದಳು. ನಾನು ಎರಡು ಹೆಜ್ಜೆ ಹೋಗಿ ಬೆನ್ನು ಮಾಡಿ ನಿಂತೆ. ಆಗ ಹಿಂದಿನಿಂದ ಕೇಳಿಸಿತು.

"ಏನವ್ವ, ಎಡಗಾಲಿನ ಹಿಮ್ಮಡಿ ಇಷ್ಟು ಮೆತ್ತಗೈತೆ?"

"ಒಡಕು ಬಿಟ್ಟೈತೆ ಅಜ್ಜಿ, ಬಿಡು" ಅಂದಳು ಅಕ್ಕ.

ಹಿಮ್ಮಡಿ ಒಡೆದರೆ ಗಟ್ಟಿಯಾಗುತ್ತದೆ, ಮೆತ್ತಗಾಗುವುದಿಲ್ಲ. ಹೊಲದಲ್ಲಿ ದುಡಿಯುವ ಯಾವ ಹೆಂಗಸಿಗೂ ಅದು ಗೊತ್ತು. ನನಗೂ ಗೊತ್ತಿತ್ತು. ತಿರುಗಿ ನೋಡಲಿಲ್ಲ.

ಮೂರು ವಾರಕ್ಕೆ ಅಕ್ಕನಿಗೆ ಚಳಿಜ್ವರ. ಚಿತ್ರದುರ್ಗದ ಆಸ್ಪತ್ರೆಗೆ ಒಯ್ದರು. ಹಿಮ್ಮಡಿಯೊಳಗೆ ಜಾಲಿ ಮುಳ್ಳು ಮುರಿದು ಕೂತಿತ್ತು. ಸಕ್ಕರೆ ಕಾಯಿಲೆಗೆ ಪಾದದ ಅರಿವೇ ಹೋಗಿತ್ತು, ನೋವು ಗೊತ್ತಾಗಿರಲಿಲ್ಲ. ಕೀವು ಮೇಲಕ್ಕೆ ಏರಿತ್ತು. "ಸ್ವಲ್ಪ ಮುಂಚೆ ಯಾರಾದರೂ ನೋಡಿದ್ದರೆ ಪಾದ ಉಳಿಸಬಹುದಿತ್ತು" ಅಂದರು ಡಾಕ್ಟರು. ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಭಾವ ತೀರಿಕೊಂಡು ವರ್ಷಗಳಾಗಿದ್ದವು. ಅಕ್ಕನ ಮಗಳು ಹೊಳಲ್ಕೆರೆಯಲ್ಲಿ, ಕೈಯಲ್ಲಿ ಹಸುಗೂಸು. ಆಸ್ಪತ್ರೆಯಲ್ಲಿ ನಾನೇ ಉಳಿದೆ; ನೀರು, ಮಾತ್ರೆ ಅನ್ನುತ್ತಾ ಬಿಟ್ಟ ಮಾತು ಮತ್ತೆ ಶುರುವಾಯಿತು. ಆದರೆ ನಾನೊಬ್ಬಳೇ ಅಂದರೆ ಸುಳ್ಳಾಗುತ್ತದೆ. ಸಭೆಯ ಹೆಂಗಸರು ಕೂಲಿ ಬಿಟ್ಟು, ದಿನಕ್ಕೊಬ್ಬರಂತೆ ಮುದ್ದೆ ಕಟ್ಟಿಕೊಂಡು ಬಸ್ಸು ಹತ್ತಿ ಬಂದರು. ಕಣ್ಣು ಕಾಣದ ಆ ಅಜ್ಜಿ ಕೂಡ ಬಂದಳು. ಅಕ್ಕನ ಹಾಸಿಗೆಯ ಪಕ್ಕ ಕೂತು, "ನನ್ನ ಕಣ್ಣು ನೆಟ್ಟಗಿದ್ದಿದ್ರೆ" ಅಂತ ಅತ್ತಳು. ಅವಳು ಅಳುವಾಗ ನಾನು ಅಲ್ಲೇ ಇದ್ದೆ. ತಪ್ಪು ನಿನ್ನದಲ್ಲ ಅಜ್ಜಿ, ನನ್ನದು ಅನ್ನಲಿಲ್ಲ. ನೋಡಲು ಬಂದವರು ಹೊರಗೆ ಹೋಗುವಾಗ, "ತಂಗಿ ಅಂದ್ರೆ ಹಿಂಗಿರ್ಬೇಕು" ಅಂದರು. ಆ ಹೊಗಳಿಕೆಯನ್ನೂ ಇಟ್ಟುಕೊಂಡೆ.

ಒಂದು ಮಧ್ಯಾಹ್ನ ಅಕ್ಕ ದಿಂಬಿನ ಕೆಳಗಿನಿಂದ ಸತ್ಯವೇದ ತೆಗೆದು ಕೊಟ್ಟಳು. "ಓದೇ. ನನ್ನ ಕಣ್ಣು ಎಳೀತೈತೆ."

ಓದಿದೆ. ಎಡವಿದೆ. ಅಕ್ಕ ಕಣ್ಣು ಮುಚ್ಚಿಕೊಂಡು ಕಾದಳು. ಪಕ್ಕದ ಹಾಸಿಗೆಯಲ್ಲಿದ್ದ ದುರ್ಗದ ಸಾಬರ ಹೆಂಗಸು, "ನಿಧಾನಕ್ಕೇ ಓದಮ್ಮ, ಅವಸರ ಏನೈತೆ? ನಮಗೂ ಕೇಳಿಸ್ಲಿ" ಅಂದಳು. ಆ ಹೊತ್ತಿನಲ್ಲಿ ಹೇಳಿಬಿಡಬೇಕಿತ್ತು. ಓದುವ ನೆವದಲ್ಲಿ ಮುಖ ಮರೆಸಿಕೊಂಡೆ.

ಆಮೇಲೆ ಅಕ್ಕನನ್ನು ನನ್ನ ಮನೆಗೇ ಕರೆತಂದೆ. ಉಳಿದ ಬಲಗಾಲನ್ನು ದಿನಾ ನೋಡಬೇಕು ಅಂತ ನರ್ಸು ಹೇಳಿಕೊಟ್ಟಿದ್ದರು. ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಬೆರಳುಗಳ ಸಂದು ಒರೆಸಿ, ಹಿಮ್ಮಡಿಯನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಒಂದು ದಿನ ತೊಳೆಯಲಿಲ್ಲ, ಅದಕ್ಕೆ ಈಗ ದಿನಾ ತೊಳೆಯುತ್ತಿದ್ದೇನೆ ಅಂದುಕೊಳ್ಳುತ್ತಿದ್ದೆ. ಆದರೆ ಬಾಯಿಬಿಟ್ಟು ಹೇಳದೆ ಎಷ್ಟು ತೊಳೆದರೂ ಅದು ಸೇವೆಯಾಗಲಿಲ್ಲ, ಬಚ್ಚಿಟ್ಟುಕೊಳ್ಳುವುದಾಯಿತು.

ಈ ವರ್ಷ ಗುರುವಾರ ಆಟೋದಲ್ಲಿ ಹೋದೆವು. ನಮ್ಮಿಬ್ಬರಲ್ಲಿ ಈಗ ಮಾತಿದೆ, ಜಾಗ ಖಾಲಿ ಬಿಡುವ ಕಾರಣವಿರಲಿಲ್ಲ. ನಾನೇ, "ಸ್ವಲ್ಪ ಸರೀರಿ" ಅಂತ ಕೇಳಿ ಅಕ್ಕನ ಎದುರಿಗೆ ಕೂತೆ. ಬೇಸಿನ್ ಬಂತು. ಕಾಲು ಕೈಗೆ ತೆಗೆದುಕೊಂಡೆ, ನೀರು ಹಾಕಲು ಆಗಲಿಲ್ಲ.

"ಅಕ್ಕ, ಹೋದ ವರ್ಷ ನೀರು ಮುಗ್ದಿರ್ಲಿಲ್ಲ."

"ನಂಗೇನು ಕಣ್ಣಿರ್ಲಿಲ್ವಾ? ತುಂಬಿದ ಬಕೆಟ್ಟು ನನ್ನ ಮಗ್ಗುಲಾಗೇ ಇತ್ತು."

"ಅಜ್ಜಿ ಹಿಮ್ಮಡಿ ಮೆತ್ತಗೈತೆ ಅಂದಿದ್ದೂ ಕೇಳಿಸ್ತು. ಬೇಕಂತಲೇ ತಿರುಗ್ಲಿಲ್ಲ. ತಿರುಗಿದ್ರೆ ನಿನ್ನ ಕಾಲು ಇರ್ತಿತ್ತು."

ಆ ಅಜ್ಜಿ ಪಕ್ಕದಲ್ಲೇ ಕೂತಿದ್ದಳು. ಅವಳಿಗೂ ಕೇಳಲಿ ಅಂತಲೇ ಹೇಳಿದೆ. ಅವಳು ತಡವಿ ನನ್ನ ಬೆನ್ನ ಮೇಲೆ ಕೈ ಇಟ್ಟಳು. ಅಕ್ಕ ಬಗ್ಗಿ ನನಗೆ ಮಾತ್ರ ಕೇಳುವ ಹಾಗೆ ಅಂದಳು, "ಲೇ, ನೀನು ಎದ್ದು ಹೋದಾಗ ನಂಗೂ ಬದುಕ್ದೆ ಅನ್ನಿಸ್ತು ಕಣೇ. ಪುಸ್ತಕ ಕಿತ್ಕಂಡವಳು ನಾನು. ನಿನ್ನ ಕೈಗೆ ಕಾಲು ಕೊಟ್ಟು ತಪ್ಪಾತು ಅನ್ಬೇಕಲ್ಲ ಅಂತ ಹೆದರ್ಕಂಡು ಕುಂತಿದ್ದೆ."

ಇದು ನಿಜವೋ, ನನ್ನ ಭಾರ ಇಳಿಸಲು ಹೇಳಿದ್ದೋ, ಕೇಳುವ ಧೈರ್ಯ ನನಗೆ ಬಂದಿಲ್ಲ.

"ಈಗ ತೊಳಿ. ಒಂದೇ ಕಾಲೈತೆ, ನಿಂಗೆ ಅರ್ಧ ಕೆಲ್ಸ ಉಳೀತು" ಅಂದಳು. ಅಜ್ಜಿ ಮೊದಲು ನಕ್ಕಳು, ಆಮೇಲೆ ಬೆಂಚಿನವರೆಲ್ಲ. ನಾನು ಕಣ್ಣು ಒರೆಸಿಕೊಳ್ಳದೆ ತೊಳೆದೆ.

ನನ್ನ ಕಾಲು ತೊಳೆಯುವ ಸರದಿ ಬಂದಾಗ, "ನೀನು ಬಗ್ಗಬ್ಯಾಡ, ಬಿಡಕ್ಕ" ಅಂದೆ. ಕೇಳಲಿಲ್ಲ. ನನ್ನ ಕಾಲನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಸೀರೆಯೆಲ್ಲ ನೆನೆಯಿತು. ತೊಳೆದಾದ ಮೇಲೂ ಬಿಡಲಿಲ್ಲ. ಹೆಬ್ಬೆರಳಿನಿಂದ ಹಿಮ್ಮಡಿಯನ್ನು ಮೂಲೆಮೂಲೆಗೂ ಒತ್ತಿ ನೋಡುತ್ತಾ, ಪ್ರತಿ ಸಲವೂ ನನ್ನ ಮುಖ ನೋಡಿ ಕೇಳುತ್ತಿದ್ದಳು:

"ಇಲ್ಲಿ ನೋವೈತೇನೇ? ಇಲ್ಲಿ?"