ತಿಂಗಳಿಗೆ ಮೂರು ದಿನ ಅಳೆಯದ ಬಾವಿ

ಬೂದಿಗೆರೆಯ ಕಲ್ಲುಬಾವಿಯ ಬಳಿ ಇನ್ನೂ ಮಬ್ಬುಗತ್ತಲೆ. ಯಾರೂ ಕೊಡ ಇಳಿಸುವ ಮೊದಲೇ ಮುನಿಲಕ್ಷ್ಮಮ್ಮ ಬಂದಿದ್ದಾಳೆ. ತಲೆಗೆ ನೀರು ಹಾಕಿಕೊಂಡ ಒದ್ದೆ ಕೂದಲನ್ನು ಗಂಟು ಕಟ್ಟಿ, ತುದಿಗೆ ಸೀಸದ ಗುಂಡು ಬಿಗಿದ ಹಗ್ಗವನ್ನು ಬಾವಿಗೆ ಇಳಿಬಿಡುತ್ತಾಳೆ. ಹಗ್ಗಕ್ಕೆ ಗೇಣಿಗೊಂದು ಗಂಟು. ಬೆರಳ ನಡುವೆ ಜಾರುವ ಗಂಟುಗಳನ್ನು ತುಟಿಯಲ್ಲೇ ಎಣಿಸುತ್ತಾಳೆ. ಗುಂಡು ನೀರು ಮುಟ್ಟಿದ ಸದ್ದು. ನಲವತ್ತೊಂದು ಗಂಟು, ಮೂರು ಬೆರಳು.

"ನಾಲ್ಕು ದಿನದ ಹಿಂದೆ ಮೂವತ್ತೊಂಬತ್ತಿತ್ತು. ಯಾವ ದಿನ ಇಳೀತೋ, ನಾನು ಕಾಣೆ," ಎನ್ನುವಾಗ ಅವಳ ದನಿಯಲ್ಲಿ ಕಳವಳವಿದೆ.

ಬೆಂಗಳೂರಿನಲ್ಲಿ ವಿಜ್ಞಾನ ಪಂಡಿತರದೊಂದು ಸಂಘವಿದೆ. ದೇಶದ ನಾನಾ ಕಡೆಯ ವಿದ್ವಾಂಸರು ಅದರ ಸದಸ್ಯರು. ಎಲ್ಲಿ ತೋಡಿದರೆ ನೀರು ನಿಂತೀತು ಎಂದು ಸರ್ಕಾರಕ್ಕೆ ತಿಳಿಸಲು ಅದು ನಲವತ್ತು ಊರುಗಳ ಬಾವಿಗಳ ಮಟ್ಟವನ್ನು ದಿನವೂ ಬರೆಸುತ್ತಿದೆ. ಎಲ್ಲವೂ ಪುಸ್ತಕವಾಗಿ ಅಚ್ಚಾಗಲಿದೆ. ಇಲ್ಲಿಯ ಕೆಲಸ ವಹಿಸಿದ್ದು ಇವಳ ಮಾವ ಅಪ್ಪಯ್ಯಣ್ಣನಿಗೆ. ಮೂರು ವರ್ಷದ ಹಿಂದೆ ಅವನ ಸೊಂಟ ಹಿಡಿದುಕೊಂಡಾಗ ಹಗ್ಗ ಸೊಸೆಯ ಕೈಗೆ ಬಂತು. ಗಂಡ ಗೋಪಾಲಪ್ಪ ಯುದ್ಧಕ್ಕೆ ಹೋದವನು ಇನ್ನೂ ಮರಳಿಲ್ಲ. ಮಾವ ತೀರಿಕೊಂಡು ಎರಡು ವರ್ಷ. ಸಂಘಕ್ಕೆ ಯಾರೂ ತಿಳಿಸಲಿಲ್ಲ. ಅಂಕಿಗಳು ಈಗಲೂ ಅವನ ಹೆಸರಲ್ಲೇ ಹೋಗುತ್ತವೆ, ಕಾಗದಗಳು ಅವನ ಹೆಸರಿಗೇ ಬರುತ್ತವೆ.

ಹೋದ ವಾರ ಬಂದ ಕಾಗದ ಸೂರಿನಲ್ಲಿದೆ: "ಅಪ್ಪಯ್ಯಣ್ಣನವರೇ, ಪ್ರತಿ ತಿಂಗಳೂ ತಾವು ಮೂರು ದಿನ ಅಳೆಯುತ್ತಿಲ್ಲವೇಕೆ? ತಿಂಗಳ ಕೊನೆಯೊಳಗೆ ಕಾರಣ ತಿಳಿಸದಿದ್ದರೆ ಬೂದಿಗೆರೆಯ ಅಂಕಿಗಳನ್ನೆಲ್ಲ ಪುಸ್ತಕದಿಂದ ಕೈಬಿಡಲಾಗುವುದು."

ಮುಟ್ಟಾದ ಮೂರು ದಿನ ಅವಳು ಬಾವಿಯ ಹತ್ತಿರ ಸುಳಿಯುವಂತಿಲ್ಲ. ಅದನ್ನು ಗಂಡಸರಿಗೆ, ಅದರಲ್ಲೂ ಪಂಡಿತರಿಗೆ, ಬರೆಯುವುದು ಹೇಗೆ? ಬರೆಯದಿದ್ದರೆ ಮೂರು ವರ್ಷದ ಒಂಬೈನೂರ ಎಪ್ಪತ್ತೆಂಟು ಬೆಳಗು ನೀರುಪಾಲು.

ಅತ್ತೆ ಪಿಳ್ಳಮ್ಮನಿಗೆ ಕಣ್ಣು ಮಂಜು, ಬಾವಿಕಟ್ಟೆ ಹತ್ತಲಾರಳು. ಬಾಯಿ ಮಾತ್ರ ಚುರುಕು.

"ಅಲ್ಲ ಕಣೆ, ಆ ಮೂರು ದಿನಕ್ಕೆ ಏನಾದ್ರೂ ಗೀಚ್ಬಾರ್ದಾ? ಬಾವಿ ಏನು ಬೆಂಗ್ಳೂರಿಗೋಗಿ ಚಾಡಿ ಹೇಳ್ತದಾ?"

"ಅಂದಾಜು ಮಾಡಾಕೆ ಅಲ್ಲಿ ಅಷ್ಟು ಜನ ಅವ್ರೆ, ಅತ್ತೆ. ನೋಡಾಕೆ ಇಲ್ಲಿ ನಾನೊಬ್ಳೇ."

"ಹಂಗಾದ್ರೆ ನಿಮ್ಮಾವ ಮುಟ್ಟಾಗಿದ್ದ ಅಂತ ಬರಿ!"

ಇಬ್ಬರೂ ನಗುತ್ತಾರೆ. ಸೊಸೆಯ ನಗು ಮೊದಲು ನಿಲ್ಲುತ್ತದೆ. ಮೂರನೇ ಕ್ಲಾಸಿನವರೆಗೆ ಕಲಿತ ಅಕ್ಷರದಲ್ಲಿ, ಹೊಸಿಲ ಬಳಿ ಕೂತು ಬರೆಯುತ್ತಾಳೆ: "ಅಪ್ಪಯ್ಯಣ್ಣನವರು ಕಾಲವಾದರು. ಅಳೆಯುತ್ತಿರುವವಳು ಸೊಸೆ. ಮುಟ್ಟಿನ ಮೂರು ದಿನ ಬಾವಿಗೆ ಹೋಗುವ ಹಾಗಿಲ್ಲ. ಮಿಕ್ಕ ದಿನ ಒಂದೂ ಬಿಟ್ಟಿಲ್ಲ." ಕೆಳಗೆ, ಮೊದಲ ಸಲ, ತನ್ನ ಹೆಸರು. ಕೊನೆಯ ಅಕ್ಷರಕ್ಕೆ ಮಸಿ ಹರಡುತ್ತದೆ.

ಟಪಾಲಿನವನು ಕಾಗದ ಚೀಲಕ್ಕೆ ಹಾಕಿಕೊಂಡು ಹೊರಟ ಮೇಲೂ ಅವಳು ಬಾಗಿಲಲ್ಲೇ ನಿಂತಿದ್ದಾಳೆ.

"ಹೆಂಗಸು ಅಂತ ಕೆಲಸ ಬಿಡಿಸ್ತಾರೋ ಏನೋ. ನಾಳೆ ಬೆಳಿಗ್ಗೆ ಅಂತೂ ಹಗ್ಗ ಇಳಿಸ್ತೀನಿ," ಎನ್ನುತ್ತಾಳೆ. "ಪುಸ್ತಕದಾಗೆ ನನ್ನ ಹೆಸರು ಬೇಡ. ಆ ಮೂರು ದಿನ ಮಾತ್ರ ಖಾಲೀನೇ ಬಿಡ್ಲಿ. ನಾನು ಕಾಣದ ನೀರಿಗೆ ಯಾರೂ ಅಂಕಿ ಬರೀಬಾರ್ದು."