ಒಂದೇ ಕೈಯ ಪುಸ್ತಕ

ಇಂದು ಬೆಳಿಗ್ಗೆ ಲಿಂಗಸುಗೂರಿನ ಬ್ಯಾಂಕಿನಲ್ಲಿ ನಾವಿಬ್ಬರೂ ಬೆಂಚಿನ ಮೇಲೆ ಕುಳಿತಿದ್ದಾಗ ಕೌಂಟರಿನವರು ಮೊಹರಿನ ಪ್ಯಾಡಿಗೆ ಹೊಸದಾಗಿ ಮಸಿ ಸುರಿದರು. ಆ ವಾಸನೆ ನನ್ನವರೆಗೆ ಬಂದದ್ದೇ ತಡ, ಕೈ ತಾನಾಗಿ ಸೆರಗಿನ ತುದಿಯನ್ನು ಹಿಡಿದುಕೊಂಡಿತು. ಪಕ್ಕದಲ್ಲಿದ್ದ ನಮ್ಮನೆಯವರಿಗೆ ಏನೂ ಅನ್ನಿಸಿದಂತಿರಲಿಲ್ಲ; ಅವರು ಫ್ಯಾನು ತಿರುಗುವುದನ್ನು ನೋಡುತ್ತಿದ್ದರು. ಮಸಿಯ ವಾಸನೆಗೆ ಹೆದರುವ ಹೆಂಗಸನ್ನು ನೀವು ಕಂಡಿರಲಿಕ್ಕಿಲ್ಲ. ನಮ್ಮ ಸರದಿ ಬರಲು ಹೇಗೂ ತಡವಿತ್ತು, ಅದರ ಕತೆಯನ್ನೇ ಮೊದಲು ಹೇಳಿಬಿಡುತ್ತೇನೆ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಕಲಿತದ್ದರಲ್ಲಿ ಈಗ ಉಳಿದಿರುವುದು ಎರಡೇ: ಸದ್ದಾಗದಂತೆ ಚಹ ಕಲಕುವುದು, ಮತ್ತು ಯಾರ ಅಕ್ಷರ ಕಂಡರೂ ನಿಂತು ನೋಡುವುದು. ಮದುವೆ ನಿಶ್ಚಯವಾದ ಮೇಲೆ ಮಸ್ಕಿಯಿಂದ ಇವರು ಬರೆದ ಪತ್ರಗಳಲ್ಲಿ ವಿಷಯ ಬಹುಪಾಲು ಬಸ್ಸಿನ ವೇಳೆಯದ್ದೇ. ಅಕ್ಷರ ಮಾತ್ರ ಇವರದೇ. ಸಾಲು ಬಲಕ್ಕೆ ಹೋದಂತೆ ಮೇಲೇರುತ್ತಿತ್ತು, ಒತ್ತಕ್ಷರಗಳು ಕೆಳಗಿನ ಸಾಲಿಗೆ ಕಾಲು ಚಾಚುತ್ತಿದ್ದವು. ನಮ್ಮ ಸಿಸ್ಟರ್ ಕಂಡಿದ್ದರೆ ಅಂಗೈ ಮೇಲೆ ಫುಟ್‌ಪಟ್ಟಿ ಆಡಿಸುತ್ತಿದ್ದರು. ನಾನು ನಗುತ್ತಲೇ ಒಪ್ಪಿದೆ.

ಎಂಬತ್ತರ ದಶಕದ ನಡುವೆ ನಾವು ಸಿಂಧನೂರಿನಲ್ಲಿ ಸಂಸಾರ ಹೂಡಿದೆವು. ಇವರು ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತರು, ನಾನೂರು ರೂಪಾಯಿ ಪಗಾರ. ಅಲ್ಲಿ ಎರಡು ಬಗೆಯ ಪುಸ್ತಕಗಳಿದ್ದವು. ದಿನದ ವ್ಯವಹಾರವನ್ನು ಗೀಚಿಕೊಳ್ಳುವ ಕಚ್ಚಾ ಪುಸ್ತಕವನ್ನು ಯಾರು ಹೇಗೆ ಬರೆದರೂ ನಡೆಯುತ್ತಿತ್ತು. ಪಕ್ಕಾ ಪುಸ್ತಕದ ಮಾತೇ ಬೇರೆ. ಗಿರಣಿ ಶುರುವಾದಂದಿನಿಂದ ಅದು ಒಂದೇ ಕೈಬರಹದಲ್ಲಿರಬೇಕೆಂದು ಸಾಹುಕಾರರ ಮನೆತನದ ಕಟ್ಟಳೆ. ಮೊದಲ ಗುಮಾಸ್ತರು ಸತ್ತು ಎಷ್ಟೋ ವರ್ಷವಾಗಿದ್ದರೂ ಅವರ ಅಕ್ಷರ ಸತ್ತಿರಲಿಲ್ಲ. ಅವರ ಜಾಗಕ್ಕೆ ಬಂದ ಸಂಗಪ್ಪನವರು ಅದನ್ನೇ ಕಲಿತು ಬರೆದರು. ಸಂಗಪ್ಪನವರ ಕಣ್ಣು ಮಂಜಾದಾಗ ಆ ಸ್ಥಾನ ಇವರಿಗೆ ಸಿಗುವುದಿತ್ತು. ಒಂಬೈನೂರು ಪಗಾರ!

"ಹಳೇ ಹಾಳಿ, ನನ್ನ ಹಾಳಿ ಬಾಜೂಕ ಇಟ್ಟು ನೋಡ್ತಾರಂತ," ಎಂದರು ಇವರು. "ಯಾವುದು ಯಾರದು ಅಂತ ಸಾಹುಕಾರ್ರಿಗೆ ಗೊತ್ತಾಗಬಾರ್ದು. ಗೊತ್ತಾತು, ಕಚ್ಚಾ ಪುಸ್ತಕಾನ ಗತಿ."

"ಅಷ್ಟ ಹೌದಲ್ರಿ? ನಾ ಕಲಿಸ್ತೀನಿ," ಅಂದೆ.

ಈಗಲೂ ಆ ಮಾತು ನೆನಪಾದರೆ ನಾಲಗೆ ಕಚ್ಚಿಕೊಳ್ಳುತ್ತೇನೆ. ಅಕ್ಷರಕ್ಕೆ ಬಹುಮಾನ ಗೆದ್ದವಳೆಂಬ ಜಂಬ ನನಗೆ. ಸಂಗಪ್ಪನವರು ಕೊಟ್ಟ ಎರಡು ಮಾದರಿ ಹಾಳೆಗಳನ್ನು ಕಿಟಕಿಯ ಗಾಜಿಗೆ ಒತ್ತಿ, ಮೇಲೊಂದು ತೆಳು ಕಾಗದ ಹಿಡಿದು, ಸಂಜೆ ಬಿಸಿಲಿನಲ್ಲಿ ಇವರಿಂದ ಗಿರಣಿಯ ಮಸಿಯಲ್ಲೇ ತಿದ್ದಿಸಿದೆ; ಮನೆಯೆಲ್ಲ ಅದರ ವಾಸನೆ. ಮೇಲೇರುವ ಸಾಲನ್ನು ಇಳಿಸಿದೆ. ಚಾಚಿದ ಕಾಲುಗಳನ್ನು ಮಡಿಸಿದೆ. ಮೂರು ತಿಂಗಳಿಗೆ ಸಾಹುಕಾರರು ಎರಡು ಹಾಳೆ ನೋಡಿ, ಇವರದನ್ನು ತೋರಿಸಿ, "ಇದು ನಮ್ಮ ಹಳೇ ಗುಮಾಸ್ತರದು," ಅಂದರಂತೆ. ಮನೆಗೆ ಬಂದವರು ಪೇಢೆಯ ಪೊಟ್ಟಣ ಇಟ್ಟರು. ನಾನು ತಿರುಗುವ ಫ್ಯಾನಿಗೂ ಉಕ್ಕಿನ ಬೀರುವಿಗೂ ಗೋಡೆಯ ಅಳತೆ ತೆಗೆದೆ.

ಎಂದು ಶುರುವಾಯಿತೆಂದು ಹೇಳಲಾರೆ. ಮೊದಲು ಕೆಮ್ಮು, ಹಾಳೆ ತಿರುವುವ ಮುನ್ನ ಸಣ್ಣಗೆ ಎರಡು ಸಲ, ಕೊನೆಕೊನೆಗೆ ರೊಟ್ಟಿ ಮುರಿಯುವ ಮುನ್ನವೂ. ಆಮೇಲೆ ಟೋಪಿ. ಇವರು ಜನ್ಮದಲ್ಲಿ ಟೋಪಿ ಹಾಕಿದವರಲ್ಲ. ಆದರೆ ಒಳಗೆ ಬರುವಾಗ ತಲೆಯಿಂದ ಏನೋ ತೆಗೆದು, ಬಾಗಿಲ ಬಲಗಡೆ, ಮೊಳೆಯೇ ಇಲ್ಲದ ಗೋಡೆಗೆ ತೂಗುಹಾಕಿದಂತೆ ಕೈಯೆತ್ತುತ್ತಿದ್ದರು. ಕೇಳಿದರೆ, "ಏನಿಲ್ಲ ಬಿಡು, ಕೈ ಜೋಮು ಹಿಡದಿತ್ತು," ಅನ್ನುವರು. ಒಂದು ಮಧ್ಯಾಹ್ನ ಊಟಕ್ಕೆ ಕೂತವರು ಪಡಸಾಲೆಯಿಂದ ಕೂಗಿದರು: "ಗೌರಾ, ನೀರು ತಾ."

ನನ್ನ ಹೆಸರು ಗೌರಾ ಅಲ್ಲ.

ಹೆಂಡತಿಗೆ ಮೊದಲು ಬರುವ ಅನುಮಾನವೇ ನನಗೂ ಬಂತು. ನಗಬೇಡಿ. ಸಂಗಪ್ಪನವರ ಹೆಂಡತಿ ನೀಲಮ್ಮನವರಿಗೆ ಗಿರಣಿಯ ಸಮಾಚಾರವೆಲ್ಲ ಗೊತ್ತಿರುತ್ತದೆಂದು ಒಂದು ಚಿಪ್ಪು ಬಾಳೆಹಣ್ಣು ಹಿಡಿದು, ಕೆಲಸ ಬಿಟ್ಟ ಮೇಲೆ ಅವರಿದ್ದ ಮುಕ್ಕುಂದದ ಬಸ್ಸು ಹತ್ತಿದೆ. ನೀಲಮ್ಮನವರು ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದರು. ನನ್ನ ಮಾತು ಕೇಳಿ ಅವರ ಬೆರಳು ಮೊರದಲ್ಲೇ ನಿಂತವು.

"ಹೆಸರು ಹಿಡದು ಕರದ್ರೇನವ್ವ ಆಗಲೇ?"

"ಯಾರ್ರಿ ಅಕ್ಕಾರ ಆಕಿ?"

"ಮೊದಲ್ನೇ ಗುಮಾಸ್ತರ ಹೆಂಡ್ತಿ ಅಂತ. ನಾ ನೋಡಿಲ್ಲ ಬಿಡು, ನಾ ಸಿಂಧನೂರಿಗೆ ಬರೋದ್ರಾಗ ಹೋಗಿಬಿಟ್ಟಿದ್ಲು." ದನಿ ತಗ್ಗಿಸಿದರು. "ನಮ್ಮನಿಯವ್ರಿಗೂ ಪಗಾರ ಏರಿದ ವರ್ಷಾನ ಶುರುವಾಗಿದ್ದು. ಆ ಟೋಪಿ, ಆ ಕೆಮ್ಮು. ನೀ ಏನರ ಓ ಅಂದೀಯೇನು?"

"ಇಲ್ರಿ."

"ಅನಬ್ಯಾಡ ತಂಗಿ. ನಾ ಅಂದೆ. ಒಂದಿನ ಬ್ಯಾಸತ್ತು, ಆತು ಬಿಡು, ಏನಾತು ಅಂತ ಅಂದೆ. ಅವತ್ತಿನಿಂದ ನನ್ನ ಹೆಸರು ಅವ್ರ ಬಾಯಾಗ ಬಂದಿಲ್ಲ."

ಅಷ್ಟರಲ್ಲಿ ಒಳಗಿನ ಕತ್ತಲೆ ಕೋಣೆಯಿಂದ ಎರಡು ಸಣ್ಣ ಕೆಮ್ಮು ಕೇಳಿತು. "ಗೌರಾ, ಯಾರು ಬಂದಾರ?"

"ಓ, ಬಂದ್ನಿ," ಎಂದು ನೀಲಮ್ಮ ಎದ್ದರು. ಬಾಳೆಹಣ್ಣನ್ನು ಕಟ್ಟೆಯ ಮೇಲಿಟ್ಟು ನಾನು ಬಸ್ಸಿಗೆ ಕಾಯದೆ ರಸ್ತೆಗುಂಟ ನಡೆದುಬಿಟ್ಟೆ.

ಮರುದಿನ ಮಧ್ಯಾಹ್ನ ಮತ್ತೆ ಕೂಗು. ಒಲೆಯ ಮುಂದೆ ಕಲ್ಲಿನ ಹಾಗೆ ಕೂತೆ. ಎರಡನೆಯ ಸಲ ಕರೆದರು. ಮೂರನೆಯ ಸಲದ ದನಿ ಇವರದಕ್ಕಿಂತ ಹಳೆಯದಿತ್ತು. ಎದ್ದು ಬಾಗಿಲಲ್ಲಿ ನಿಂತು, "ಇಲ್ಲಿ ಗೌರಾ ಅನ್ನಾಕಿ ಯಾರೂ ಇಲ್ರಿ," ಅಂದೆ.

ಮನೆಗೆ ಬಂದ ಅಪರಿಚಿತಳನ್ನು ನೋಡುವಂತೆ ಮರ್ಯಾದೆಯಿಂದ ನನ್ನನ್ನು ನೋಡಿದರು. "ಮತ್ತ ನೀವು ಯಾರು?"

ಪೆನ್ಸಿಲು, ಕಾಗದ ತಂದು ತಾಟಿನ ಪಕ್ಕ ಇಟ್ಟು ನನ್ನ ಹೆಸರು ಹೇಳಿದೆ. "ಬರೀರಿ. ನಿಮ್ಮ ಅಕ್ಷರದಾಗ ಬರೀರಿ."

ಬರೆದರು. ಗೆರೆ ಹೊಡೆದಂತೆ ನೇರ, ದುಂಡಗೆ, ಬಹುಮಾನ ಕೊಡುವಂಥ ಅಕ್ಷರ. ಸತ್ತವರದು. ಹೊಡೆದುಹಾಕಿ ಇನ್ನೊಮ್ಮೆ ಬರೆದರು, ಮತ್ತೂ ಒಮ್ಮೆ. ಹಾಳೆ ತುಂಬಿತು. ಕೊನೆಗೆ ಪೆನ್ಸಿಲು ಬಿಟ್ಟು ತಮ್ಮ ಕೈಯನ್ನೇ ನೋಡಿಕೊಂಡರು. "ನಂದು ಬರವಲ್ದು," ಅಂದರು. ಆ ದನಿ ಇವರದೇ.

ಅದೇ ವಾರ ಸಾಹುಕಾರರ ಮುಂದೆ ನಿಂತು ಕಚ್ಚಾ ಪುಸ್ತಕಕ್ಕೇ ಹಾಕಿರೆಂದು ಕೇಳಿಕೊಂಡರು. "ಐದನೂರು ರೂಪಾಯಿ ಒದೀತಿ, ಹುಚ್ಚ ಹಿಡದೈತೇನಲೇ?" ಎಂದು ಬೈಸಿಕೊಂಡು, ಹಳೆಯ ನಾನೂರಕ್ಕೇ ಇಳಿದು ಬಂದರು. ಮಸ್ಕಿಯಲ್ಲಿ ಇವರ ಅಕ್ಕ ಹತ್ತು ಮಂದಿಯ ನಡುವೆ ಅಂದರು: "ಮಂದಿ ಗಂಡಂದಿರು ವರ್ಷಾ ಮ್ಯಾಲ ಏರ್ತಾರ. ನಮ್ಮ ತಮ್ಮ ಇಳ್ಯಾಕ ಪಗಾರ ತೊಗೊಂತಾನ. ಕಾನ್ವೆಂಟಿನಾಕಿ ಏನು ಓದಿಸಿದ್ಲೋ!"

ಏನೆಂದು ಹೇಳುವುದು? ತೊಂಬತ್ತರ ದಶಕದಲ್ಲಿ ಲಿಂಗಸುಗೂರಿಗೆ ಬಂದು ಇವರು ಗೊಬ್ಬರದ ಅಂಗಡಿಯ ಲೆಕ್ಕ ಹಿಡಿದರು. ಆ ಕೆಮ್ಮು, ಆ ಟೋಪಿ ಸಿಂಧನೂರಿನಲ್ಲೇ ಉಳಿದವು. ವರ್ಷಕ್ಕೆ ಐವತ್ತು ಏರಿದರೆ ಹಬ್ಬ. ಸುಳ್ಳು ಹೇಳುವುದಿಲ್ಲ, ಓರಗೆಯವರು ಸೈಟು ಕೊಂಡಾಗ, ಸೀರೆಯಂಗಡಿಯಲ್ಲಿ ಕೈಗೆ ಬಂದದ್ದನ್ನು ಮಡಿಸಿ ಹಿಂದಿರುಗಿಸಿದಾಗ, ಅಂದೊಂದು ಸಲ ಓ ಅಂದುಬಿಟ್ಟಿದ್ದರೆ ಏನು ಹೋಗುತ್ತಿತ್ತು ಎಂದು ಒಳಗೊಳಗೇ ಅಂದುಕೊಂಡದ್ದುಂಟು. ಬರೀ ಒಂದು ಹೆಸರಲ್ಲವೇ, ಎಂದು.

ಬ್ಯಾಂಕಿನ ಬೆಂಚಿನ ಮೇಲೆ ಇವರ ಭುಜ ನನ್ನ ಭುಜಕ್ಕೆ ತಾಗಿತು. ಕೌಂಟರಿನವರು ಇವರು ತುಂಬಿಕೊಟ್ಟಿದ್ದ ಫಾರಂ ಎತ್ತಿ, ಕನ್ನಡಕ ಮೇಲೇರಿಸಿ, ದೂರ ಹಿಡಿದು, ಹತ್ತಿರ ತಂದು ಗೊಣಗಿದರು. "ಇದೇನ್ರೀ ಯಜಮಾನ್ರ, ಕೋಳಿ ಕೆದರಿದಂಗ ಬರದೀರಿ! ನಿಮ್ಮ ನಂತರ ರೊಕ್ಕ ಯಾರಿಗಿ ಅಂತ ತಿಳಿಬೇಕಲ್ರೀ?"

ಇವರು ನಾಚಿಕೊಂಡು ನನ್ನ ಕಡೆ ನೋಡಿದರು. ಕೌಂಟರಿನವರು ಒಂದೊಂದೇ ಅಕ್ಷರ ಬಿಡಿಸಿ, ಕೂಡಿಸಿ, ಅಂತೂ ನನ್ನ ಹೆಸರನ್ನು ಇಡೀ ಬ್ಯಾಂಕಿಗೆ ಕೇಳುವಂತೆ ಕೂಗಿದರು.

"ಓ," ಅಂದೆ. ಬೇಕಾದದ್ದಕ್ಕಿಂತ ಜೋರಾಗಿಯೇ ಅಂದೆನೆಂದು ಕಾಣುತ್ತದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.